ಗಾಂಧಿ ಕ್ಲಾಸ್ ಇದ್ದ ಜಾಗದಲ್ಲಿ ರೇಷ್ಮೆ ಸೀರೆ

ಹಳೇ ಟಾಕೀಸನ್ನು ಬಟ್ಟೆ ಅಂಗಡಿ ಮಾಡುವುದು ಸುಲಭ ಅಂತ ಹೊರಗಿನಿಂದ ನೋಡಿದವರಿಗೆ ಅನಿಸುತ್ತದೆ. ದೊಡ್ಡ ಹಾಲ್ ಇದೆ. ನಡುವೆ ಒಂದೂ ಕಂಬ ಇಲ್ಲ. ಊರ ನಡುವಿನ ಜಾಗ, ಮುಂದೆ ಸೈಕಲ್ ಸ್ಟ್ಯಾಂಡ್. ಕುರ್ಚಿ ಕಿತ್ತು, ಬಣ್ಣ ಹೊಡೆದು, ಎಸಿ ಹಾಕಿದರೆ ಮುಗೀತು, ಅಲ್ವಾ? ದಾವಣಗೆರೆಯಲ್ಲಿ ಇಂಥದ್ದೊಂದು ಕೆಲಸ ನನ್ನ ಕೈಗೆ ಬಂದಾಗ ಅಂಗಡಿಯ ಯಜಮಾನರೂ ಹಾಗೇ ಅಂದುಕೊಂಡಿದ್ದರು. "ಕಟ್ಟಡ ಅಂತೂ ಇದ್ದೇ ಇದೆ ಮೇಡಂ, ನೀವು ಸುಮ್ನೆ ಒಂದ್ ಡಿಸೈನ್ ಕೊಟ್ಬಿಡ್ರಿ" ಅಂದರು. ನಾನು ಆರ್ಕಿಟೆಕ್ಟ್. ನಮ್ಮ ಕಡೆ ಆರ್ಕಿಟೆಕ್ಟ್ ಅಂದರೆ ಮನೆಯ ಮುಂಭಾಗಕ್ಕೆ ಚೆಂದದ ಚಿತ್ರ ಬರೆದುಕೊಡುವವರು ಅಂತಲೇ ಜನ ತಿಳಿದಿದ್ದಾರೆ. ಹಾಗಾಗಿ ಆ ಮಾತಿಗೆ ಬೇಸರವೇನೂ ಆಗಲಿಲ್ಲ.

ಅವರದು ಮೂರು ತಲೆಮಾರಿನ ಜವಳಿ ವ್ಯಾಪಾರ. ಪೇಟೆಯೊಳಗೆ ಮುಂಭಾಗ ಕಿರಿದಾಗಿ ಹಿಂದಕ್ಕೆ ಉದ್ದವಾಗಿ ಹೋಗುವ ಅಂಗಡಿ. ಬಿಳಿ ಗಾದಿ, ಗೋಡೆ ತುಂಬ ಕಪಾಟು, ಗಾದಿ ಮೇಲೆ ಕೂತು ಸೀರೆ ಬಿಚ್ಚಿ ಬಿಚ್ಚಿ ಹಾಕುವ ಹಳೇ ಕೆಲಸಗಾರರು. ಮದುವೆ ಜವಳಿ ತೆಗೆಯಲು ಹರಿಹರ, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಮನೆಮಂದಿಯೆಲ್ಲ ಬರುತ್ತಿದ್ದರು. ಈಗಲೂ ಬರುತ್ತಾರೆ. ಆದರೆ ಅದೇ ಮನೆಯ ಹುಡುಗ ಹುಡುಗಿಯರು ದಿನದ ಬಟ್ಟೆಗೆ ಅಲ್ಲಿಗೆ ಕಾಲಿಡುವುದಿಲ್ಲ. ಅವರಿಗೆ ತಾವೇ ಹ್ಯಾಂಗರಿನಿಂದ ತೆಗೆದು, ಹಾಕಿ ನೋಡಿ, ಬೇಡವಾದರೆ ಯಾರಿಗೂ ಉತ್ತರ ಕೊಡದೆ ಹೊರಟುಹೋಗುವ ಅಂಗಡಿ ಬೇಕು. ಯಜಮಾನರ ಮಗ ಇದನ್ನೇ ಹೇಳಿ ಹೇಳಿ ಅಪ್ಪನನ್ನು ಒಪ್ಪಿಸಿದ್ದ. ಲಾಕ್‌ಡೌನ್ ಆದಮೇಲೆ ಮತ್ತೆ ತೆರೆಯದ ಒಂದು ಟಾಕೀಸು ಸಿಕ್ಕಿತ್ತು. ಬಟ್ಟೆ, ಚಪ್ಪಲಿ, ಬ್ಯಾಗು, ಪಾತ್ರೆ, ಮಕ್ಕಳ ಸಾಮಾನು ಎಲ್ಲ ಒಂದೇ ಸೂರಿನಡಿ ಇಡುವ ಆಸೆ.

ಟಾಕೀಸು ಮತ್ತು ಅಂಗಡಿ ಸ್ವಭಾವದಲ್ಲೇ ಒಂದಕ್ಕೊಂದು ಉಲ್ಟಾ. ಟಾಕೀಸಿನಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ, ಒಂದೇ ಕಡೆ ನೋಡುತ್ತಾರೆ, ಒಟ್ಟಿಗೆ ಎದ್ದು ಹೋಗುತ್ತಾರೆ. ಅಂಗಡಿಗೆ ಒಬ್ಬೊಬ್ಬರಾಗಿ ಬರುತ್ತಾರೆ, ಎಲ್ಲ ಕಡೆ ನೋಡುತ್ತಾರೆ, ಆದಷ್ಟು ಹೊತ್ತು ಒಳಗೇ ಇರಲಿ ಅಂತ ಮಾಲೀಕ ಬಯಸುತ್ತಾನೆ. ಟಾಕೀಸಿಗೆ ಬೆಳಕು ಶತ್ರು. ಅಂಗಡಿಗೆ ಬೆಳಕೇ ಬಂಡವಾಳ. ಈ ಉಲ್ಟಾ ಸ್ವಭಾವವನ್ನು ಎಲ್ಲೆಲ್ಲಿ ತಿದ್ದಬೇಕು, ಎಲ್ಲೆಲ್ಲಿ ಹಾಗೇ ಬಿಡಬೇಕು ಅನ್ನುವುದೇ ನಮ್ಮ ಕೆಲಸವಾಯಿತು. ಕೊನೆಗೆ ನೋಡಿದರೆ ಹಾಗೇ ಬಿಟ್ಟಿದ್ದೇ ಜಾಸ್ತಿ.

ಬರೆಯುವ ಮೊದಲು ಅಳತೆ. ಹಳೇ ನಕ್ಷೆ ಸಿಕ್ಕಿತು, ಆದರೆ ಕಟ್ಟಡ ಅದರಂತೆ ಇರಲಿಲ್ಲ. ಯಾವ ಹಳೇ ಕಟ್ಟಡವೂ ತನ್ನ ನಕ್ಷೆಯಂತೆ ಇರುವುದಿಲ್ಲ. ಪ್ರತಿ ಗೋಡೆ, ಪ್ರತಿ ಮೆಟ್ಟಿಲು ಅಳೆದೆವು. ಮೇಲೆ ಚಾವಣಿ ಹೊರುವ ಕಬ್ಬಿಣದ ತ್ರಿಕೋನ ಚೌಕಟ್ಟು, ಅಂದರೆ ಟ್ರಸ್, ಅದರ ಮೇಲೆ ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಟ್ರಸ್ಸುಗಳೆಲ್ಲ ಹಾಲಿನ ಅಡ್ಡಕ್ಕೆ, ಎರಡು ಪಕ್ಕದ ಗೋಡೆಯಲ್ಲಿನ ಕಂಬಗಳ ಮೇಲೆ ಕೂತಿದ್ದವು. ಪರದೆ ಹಿಂದಿನ ಗೋಡೆಯ ಮೇಲೆ ತನ್ನ ಸ್ವಂತ ತೂಕ ಬಿಟ್ಟರೆ ದೊಡ್ಡ ಭಾರ ಇರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಗೋಡೆಗೆ ಒಳಗಿನಿಂದ ಗೋಣಿ ಬಟ್ಟೆ, ಹುಲ್ಲಿನ ಬೋರ್ಡು. ಸದ್ದು ಪ್ರತಿಧ್ವನಿಸದಿರಲಿ ಅಂತ ಆ ಕಾಲದಲ್ಲಿ ಹಾಕಿದ್ದು. ಬೆಂಕಿಗೆ ಇದಕ್ಕಿಂತ ಒಳ್ಳೆ ಊಟ ಇಲ್ಲ. ಮೊದಲು ಕಿತ್ತಿದ್ದು ಅದನ್ನೇ. ಫಾಲ್ಸ್ ಸೀಲಿಂಗಿನ ಮೇಲೆ ವರ್ಷಗಟ್ಟಲೆಯ ಪಾರಿವಾಳದ ಹಿಕ್ಕೆ. ಅದರ ವಿಷಯ ಇಷ್ಟಕ್ಕೇ ಸಾಕು.

ಶೀಟು ಇಳಿಸುವಾಗ ಮಾತ್ರ ನಾನು ಜಗಳವಾಡಿದೆ. ಸುತ್ತಿಗೆಯಲ್ಲಿ ಒಡೆದು ಕೆಳಗೆ ಬೀಳಿಸುವುದು ಎಲ್ಲರಿಗೂ ರೂಢಿ, ಬೇಗ ಆಗುತ್ತದೆ. ಆದರೆ ಆಸ್ಬೆಸ್ಟಾಸ್ ಒಡೆದಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗಿ ಹೊರಬರಬಹುದು. ಶೀಟನ್ನು ನೀರಿನಲ್ಲಿ ತೋಯಿಸಿ, ಬೋಲ್ಟ್ ಕತ್ತರಿಸಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಕೆಲಸದವರು ಮಾಸ್ಕ್ ಹಾಕಲೇಬೇಕು. "ನಾವು ಜೀವನ ಪೂರ್ತಿ ಹಿಂಗೇ ಒಡ್ದೀವಿ ಮೇಡಮ್ಮೋರೆ, ಏನೂ ಆಗಿಲ್ಲ" ಅಂದರು ಮೇಸ್ತ್ರಿ. ಏನೂ ಆಗದವರು ಮಾತ್ರ ಹಾಗೆ ಹೇಳಲು ಉಳಿದಿರುತ್ತಾರೆ ಅಂತ ನಾನು ಹೇಳಲಿಲ್ಲ. ಮಾಸ್ಕ್ ಹಾಕದಿದ್ದರೆ ಆ ದಿನದ ಕೂಲಿ ಇಲ್ಲ ಅಂತ ಯಜಮಾನರಿಂದಲೇ ಹೇಳಿಸಿದೆ. ಶೀಟಿನ ಜಾಗಕ್ಕೆ ಎರಡು ತಗಡಿನ ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ ಬಂತು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಈ ಖರ್ಚು ಮಾಡದೆ ಬರೀ ಎಸಿ ನಂಬಿದರೆ ಕರೆಂಟ್ ಬಿಲ್ಲಿಗೇ ವ್ಯಾಪಾರ ಮಾಡಿದಂತೆ.

ಇನ್ನು ನೆಲ. ಟಾಕೀಸಿನ ನೆಲ ಇಳಿಜಾರು, ಹಿಂದಿನಿಂದ ಪರದೆ ಕಡೆಗೆ. ಇಲ್ಲಿ ಒಟ್ಟು ಇಳಿತ ಮೂರೂವರೆ ಅಡಿ. ಮಗನ ಯೋಚನೆ ಸರಳವಾಗಿತ್ತು. ಮಣ್ಣು ತುಂಬಿ, ಧಮ್ಮಸ್ಸು ಹಾಕಿ, ಇಡೀ ಹಾಲನ್ನು ಲಾಬಿಯ ಮಟ್ಟಕ್ಕೆ ಒಂದೇ ಸಮ ಮಾಡುವುದು. ಮೊದಲ ತೊಂದರೆ ಮಣ್ಣಿನದು. ತುಂಬಿದ ಮಣ್ಣು ಪಕ್ಕದ ಗೋಡೆಯನ್ನು ಹೊರಗೆ ತಳ್ಳುತ್ತದೆ, ತೇವ ಎಳೆಯುತ್ತದೆ. ಆ ಗೋಡೆ ಅದಕ್ಕಾಗಿ ಕಟ್ಟಿದ್ದಲ್ಲ. ಎರಡನೆಯದು ಇನ್ನೂ ದೊಡ್ಡದು, ಬಾಗಿಲು. ಹಾಲಿಗೆ ಲಾಬಿ ಬಿಟ್ಟು ನಾಲ್ಕು ಹೊರಬಾಗಿಲು. ಎರಡು ಹಿಂದೆ ಲಾಬಿಯ ಮಟ್ಟದಲ್ಲಿ, ಎರಡು ಪರದೆಯ ಅಕ್ಕಪಕ್ಕ ಕೆಳಮಟ್ಟದಲ್ಲಿ, ನೇರ ಹೊರಗಿನ ಅಂಗಳಕ್ಕೆ. ನೆಲ ಎತ್ತರಿಸಿದರೆ ಮುಂದಿನ ಎರಡು ಬಾಗಿಲು ಅರ್ಧ ನೆಲದೊಳಗೆ ಹೋಗುತ್ತವೆ.

"ಹೋದ್ರೆ ಹೋಗ್ಲಿ ಬಿಡ್ರಿ" ಅಂದರು ಯಜಮಾನರು. "ಬಟ್ಟೆ ಅಂಗಡಿಗೆ ಇಷ್ಟ್ ಬಾಗ್ಲು ಯಾಕೆ? ಒಂದ್ ಬಾಗ್ಲಾಗೆ ಬರ್ಲಿ, ಅದ್ರಾಗೇ ಹೋಗ್ಲಿ. ಇಲ್ಲಾಂದ್ರೆ ಮಾಲು ಯಾವ ಬಾಗ್ಲಿಂದ ಹೊರಗೋತು ಅಂತ ಯಾರು ನೋಡ್ಬೇಕು?"

ಕಳ್ಳತನದ ಭಯ ಸುಳ್ಳಲ್ಲ. ಹಳೇ ಅಂಗಡಿಯಲ್ಲಿ ಮಾಲು ಕಪಾಟಿನಲ್ಲಿ, ಗಿರಾಕಿ ಗಾದಿಯ ಈ ಕಡೆ. ಹೊಸ ಅಂಗಡಿಯಲ್ಲಿ ಮಾಲೇ ಗಿರಾಕಿಯ ಕೈಯಲ್ಲಿ. ಆದರೆ ಈ ವಾದ ಕೇಳಿ ನನಗೆ ದೆಹಲಿಯ ಉಪಹಾರ್ ಟಾಕೀಸು ನೆನಪಾಯಿತು. 1997ರ ಜೂನ್ 13ರಂದು ಅಲ್ಲಿ ಸಿನಿಮಾ ನಡೆಯುವಾಗಲೇ ಕೆಳಗಿನ ಟ್ರಾನ್ಸ್‌ಫಾರ್ಮರಿನಿಂದ ಹೊಗೆ ಎದ್ದಿತು. ಬಾಲ್ಕನಿಯಲ್ಲಿ ಸೀಟು ಜಾಸ್ತಿ ಹಾಕಲು ಒಂದು ಬದಿಯ ದಾರಿಯನ್ನೇ ಮುಚ್ಚಿದ್ದರು. 59 ಜನ ಸತ್ತರು. ಟಾಕೀಸನ್ನು ಬಿಡಿ, ಜವಳಿ ಅಂಗಡಿಯದೇ ಉದಾಹರಣೆ ಬೇಕೆಂದರೆ 2017ರ ಮೇ 31ರಂದು ಚೆನ್ನೈನ ಟಿ. ನಗರದಲ್ಲಿ ಒಂದು ದೊಡ್ಡ ಜವಳಿ ಮಳಿಗೆ ಹೊತ್ತಿಕೊಂಡಿತು. ಇಡೀ ದಿನ ನೀರು ಹೊಡೆದರೂ ಆರಲಿಲ್ಲ, ಕಟ್ಟಡದ ಒಂದು ಭಾಗ ಕುಸಿಯಿತು, ಉಳಿದದ್ದನ್ನು ಆಮೇಲೆ ಕೆಡವಿದರು. ಬೆಳಗಿನ ಜಾವ ಹೊತ್ತಿಕೊಂಡಿದ್ದರಿಂದ ಒಳಗೆ ಗಿರಾಕಿಗಳಿರಲಿಲ್ಲ. ದೀಪಾವಳಿ ಹಿಂದಿನ ಸಂಜೆ ಆಗಿದ್ದರೆ?

ಈ ಮಾತು ಯಜಮಾನರಿಗೆ ತಟ್ಟಿತು. ಆದರೂ ವ್ಯಾಪಾರಸ್ಥರು, ಬರೀ ಭಯಕ್ಕೆ ಒಪ್ಪುವವರಲ್ಲ. ಆಗ ತೋರಿಸಿದ್ದು ಪ್ಯಾನಿಕ್ ಬಾರ್. ಬಾಗಿಲಿನ ಒಳಬದಿಗೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ. ಹೊರಗಿನಿಂದ ತೆಗೆಯಲು ಬರುವುದಿಲ್ಲ. ಒಳಗಿನಿಂದ ಮೈ ತಾಗಿಸಿ ತಳ್ಳಿದರೆ ಸಾಕು, ತೆರೆಯುತ್ತದೆ, ತೆರೆದ ಕೂಡಲೇ ಅಲಾರಂ ಹೊಡೆದುಕೊಳ್ಳುತ್ತದೆ. ಕಳ್ಳ ಅಲ್ಲಿಂದ ಹೋದರೆ ಇಡೀ ಅಂಗಡಿಗೆ ಗೊತ್ತಾಗುತ್ತದೆ. ಟಾಕೀಸಿನ ಹಳೇ ಸಾಗುವಾನಿ ಬಾಗಿಲುಗಳು ಹೊರಗೇ ತೆರೆಯುತ್ತಿದ್ದವು, ನೂಕಾಟದಲ್ಲಿ ಹಾಗೇ ತೆರೆಯಬೇಕು. ನಾಲ್ಕೂ ಉಳಿದವು. ಟಾಕೀಸಿಗೆ ಸುತ್ತಲೂ ಖಾಲಿ ಜಾಗ ಬಿಟ್ಟಿದ್ದರಿಂದ ಹೊರಬಂದವರು ಗಲ್ಲಿಗೆ ಸಿಕ್ಕಿಕೊಳ್ಳುವ ಪ್ರಶ್ನೆಯೂ ಇರಲಿಲ್ಲ. ಹೊಸದಾಗಿ ಕಟ್ಟಿದ್ದರೆ ಇಷ್ಟು ಹೊರದಾರಿ, ಇಷ್ಟು ಅಂಗಳ ಬಿಡಲು ಯಾವ ಮಾಲೀಕನೂ ಒಪ್ಪುತ್ತಿರಲಿಲ್ಲ ಬಿಡಿ.

ಬಾಗಿಲು ಉಳಿದ ಮೇಲೆ ನೆಲ ತಾನಾಗೇ ತೀರ್ಮಾನವಾಯಿತು. ಹಿಂದಿನ ಮೂರರಲ್ಲಿ ಎರಡು ಪಾಲು ಲಾಬಿಯ ಮಟ್ಟಕ್ಕೆ, ಮುಂದಿನ ಒಂದು ಪಾಲು ಕೆಳಮಟ್ಟಕ್ಕೆ. ನಡುವೆ ಹಾಲಿನ ಅಗಲದ ಬಹುಭಾಗಕ್ಕೆ ಹರಡಿದ ಅಗಲವಾದ ಮೆಟ್ಟಿಲು. ಮೆಟ್ಟಿಲು ಹತ್ತಲಾಗದವರಿಗೆ, ಮಗುವಿನ ಗಾಡಿಗೆ, ವೀಲ್‌ಚೇರಿಗೆ ರ‍್ಯಾಂಪ್. ರ‍್ಯಾಂಪಿಗೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಮೂರೂವರೆ ಅಡಿಗೆ 42 ಅಡಿ, ನಡುವೆ ನಿಲ್ಲಲು ಒಂದು ಸಮತಟ್ಟು ಬೇರೆ. ಮಗ ಕ್ಯಾಲ್ಕುಲೇಟರ್ ತೆಗೆದು ಅಷ್ಟು ಜಾಗದಲ್ಲಿ ಎಷ್ಟು ರ‍್ಯಾಕ್ ಕೂರುತ್ತಿದ್ದವು ಅಂತ ಲೆಕ್ಕ ಹಾಕಿದ. ಪಕ್ಕದ ಗೋಡೆಗುಂಟ ರ‍್ಯಾಂಪ್ ಇಟ್ಟು, ಆ ಗೋಡೆಗೇ ಮಕ್ಕಳ ಬಟ್ಟೆ ನೇತುಹಾಕುವ ಹಾಗೆ ಮಾಡಿದೆ. ಈಗ ಮಕ್ಕಳು ಆ ರ‍್ಯಾಂಪ್ ಮೇಲೆ ಓಡುತ್ತಾರೆ, ತಾಯಂದಿರು ಹಿಂದೆ ಹೋಗುತ್ತಾರೆ, ಫ್ರಾಕು ಕಣ್ಣಿಗೆ ಬೀಳುತ್ತದೆ. ಅಂಗಡಿಯಲ್ಲಿ ಅತಿ ಬೇಗ ಮಾಲು ಖಾಲಿಯಾಗುವ ಗೋಡೆ ಅದೇ ಅಂತ ಮಗನೇ ಈಗ ಹೇಳುತ್ತಾನೆ.

ಎತ್ತರಿಸಿದ ಭಾಗಕ್ಕೆ ಮಣ್ಣು ತುಂಬಲಿಲ್ಲ. ಪಕ್ಕದ ಗೋಡೆಗೆ ತಾಗದ ಹಾಗೆ ಸಾಲಾಗಿ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿ, ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ಕಬ್ಬಿಣದ ಜಾಲರಿ ಇಟ್ಟು ಕಾಂಕ್ರೀಟ್ ಹಾಕಿದೆವು. ಕೆಳಗಿನ ಪೊಳ್ಳಿನಲ್ಲಿ ವೈರು, ಪೈಪು. ಪೊಳ್ಳು ಅಂದರೆ ಇಲಿ. ಬಟ್ಟೆ ಅಂಗಡಿಗೆ ಇಲಿ ಹೊಕ್ಕರೆ ಒಂದು ರಾತ್ರಿಗೆ ಲಕ್ಷದ ಮಾಲು ಹಾಳು. ಒಂದೊಂದು ಪೈಪಿನ ತೂತಿಗೂ ತಂತಿ ಬಲೆ ಕಟ್ಟಿ ಗಾರೆ ಮಾಡಿಸಿದ್ದು ಬೇಸರದ ಕೆಲಸ. ಯಾರ ಕಣ್ಣಿಗೂ ಬೀಳದ ಕೆಲಸ ಕೂಡ.

ಬಾಲ್ಕನಿ ಮೇಲೆ ಎಲ್ಲರಿಗೂ ಕಣ್ಣಿತ್ತು. ಅಲ್ಲಿ ಗಂಡಸರ ಬಟ್ಟೆ ಇಟ್ಟು, ಲಾಬಿಯಿಂದ ಅಲ್ಲಿಗೆ ಎಸ್ಕಲೇಟರ್ ಹಾಕಬೇಕು ಅನ್ನುವುದು ಮಗನ ಕನಸು. "ಎಸ್ಕಲೇಟರ್ ಇಲ್ದಿದ್ರೆ ಅದೆಂಥ ಮಾಲ್ ಮೇಡಂ?" ನಾನು ಹೌದು, ಇಲ್ಲ ಎರಡೂ ಹೇಳಲಿಲ್ಲ. ಮೊದಲು ಕಾಂಕ್ರೀಟ್ ಏನು ಹೇಳುತ್ತದೋ ಕೇಳೋಣ ಅಂದೆ.

ಸ್ಟ್ರಕ್ಚರಲ್ ಇಂಜಿನಿಯರ್ ಬಂದು ಕಾಂಕ್ರೀಟಿನ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್ ಹೊಡೆದರು, ಕೋರ್ ಅಂದರೆ ಕಾಂಕ್ರೀಟಿನ ಉರುಟು ತುಂಡು ಕೊರೆದು ತೆಗೆದು ಲ್ಯಾಬಿಗೆ ಕಳಿಸಿದರು. ಆದರೆ ಯಜಮಾನರನ್ನು ಒಪ್ಪಿಸಿದ್ದು ಅದಕ್ಕಿಂತ ಸಣ್ಣ ಪರೀಕ್ಷೆ. ಬಾಲ್ಕನಿಯ ತೊಲೆಯ ಅಂಚಿನಲ್ಲಿ ಒಂದು ಚೂರು ಕಾಂಕ್ರೀಟ್ ಒಡೆದು, ಧೂಳು ಊದಿ, ಸ್ಪ್ರೇ ಬಾಟಲಿಯಿಂದ ಫಿನಾಲ್ಫ್‌ಥಲೀನ್ ಹೊಡೆದರು. ನೀರಿನಂತೆಯೇ ಕಾಣುವ ದ್ರವ. ಕಾಂಕ್ರೀಟ್ ಒಳಗೆ ಸುಣ್ಣದ ಕ್ಷಾರ ಉಳಿದಿದ್ದರೆ ಅಲ್ಲಿ ಗಾಢ ಗುಲಾಬಿ ಬಣ್ಣ ಬರುತ್ತದೆ. ವರ್ಷಗಟ್ಟಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಕ್ಷಾರ ಹೋಗಿದ್ದರೆ ಬಣ್ಣ ಬರುವುದಿಲ್ಲ. ಆ ಕ್ಷಾರವೇ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುವುದು. ನಾವೆಲ್ಲ ಟಾರ್ಚ್ ಹಿಡಿದು ನೋಡುತ್ತಾ ನಿಂತೆವು. ಹೊರಗಿನ ಒಂದು ಬೆರಳಗಲ ಬೂದಿ ಬಣ್ಣ ಹಾಗೇ ಉಳಿಯಿತು. ಕಬ್ಬಿಣದ ಸರಳನ್ನು ದಾಟಿ ಒಳಗೆ ಮಾತ್ರ ಗುಲಾಬಿ ಹರಡಿತು. ಸರಳಿನ ಮೇಲೆ ಆಗಲೇ ತುಕ್ಕಿನ ಗೆರೆ. "ಕಬ್ಬಿಣ ಬಯಲಿಗೆ ಬಿದ್ದಂಗಾತು" ಅಂದರು ಯಜಮಾನರು. ಪರೀಕ್ಷೆಯ ವರದಿಯಲ್ಲಿ ನಾಲ್ಕು ಪುಟ ಬರೆದದ್ದನ್ನು ಅವರು ನಾಲ್ಕು ಪದದೊಳಗೆ ಹೇಳಿಬಿಟ್ಟರು.

ಭಾರದ ಲೆಕ್ಕವನ್ನೂ ಹೇಳಬೇಕು. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ನಮ್ಮ ದೇಶದ ಮಾನದಂಡ ಐಎಸ್ 875 ಪ್ರಕಾರ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವ ಶಕ್ತಿ ಇದ್ದರೆ ಸಾಕು. ಸೀಟು ಬೋಲ್ಟ್ ಮಾಡಿದ ಸಭಾಂಗಣಕ್ಕೂ ಚಿಲ್ಲರೆ ಅಂಗಡಿಗೂ ಸುಮಾರು 400. ಕಾಗದದ ಮೇಲೆ ನೋಡಿದರೆ ಬಾಲ್ಕನಿಗೆ ಅಂಗಡಿ ಸರಿಹೋಗುತ್ತದೆ. ಆದರೆ ದಾಸ್ತಾನಿನ ಲೆಕ್ಕ ಎತ್ತರಕ್ಕೆ. ಪ್ರತಿ ಮೀಟರ್ ಎತ್ತರಕ್ಕೆ ಚದರ ಮೀಟರಿಗೆ ಸುಮಾರು 240 ಕಿಲೋ. ಜೀನ್ಸ್ ಪ್ಯಾಂಟಿನ ಬಂಡಲ್‌ಗಳನ್ನು ತಲೆಯ ಮಟ್ಟಕ್ಕೆ ಪೇರಿಸಿದರೆ ಎಲ್ಲಿಗೆ ಹೋಗುತ್ತದೆ ನೋಡಿ. ಅಂಗಡಿ ಅಂದಮೇಲೆ ಪೇರಿಸುವುದು ತಪ್ಪುವುದಿಲ್ಲ. ಜೊತೆಗೆ ಬಾಲ್ಕನಿಯ ಮೆಟ್ಟಿಲು ಸಮ ಮಾಡಲು ಹಾಕುವ ಹೊಸ ನೆಲದ ತೂಕ. ಎಸ್ಕಲೇಟರಿಗೆ ಜಾಗ ಮಾಡಲು ಕತ್ತರಿಸಬೇಕಾಗಿದ್ದು ಇದೇ ಬಾಲ್ಕನಿಯ ಮುಖ್ಯ ತೊಲೆಗಳಲ್ಲೊಂದನ್ನು.

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಸಂಪುಂಗ್ ಡಿಪಾರ್ಟ್‌ಮೆಂಟ್ ಸ್ಟೋರ್ ಕಥೆಯನ್ನು ಆ ದಿನ ಇಂಜಿನಿಯರ್ ಹೇಳಿದರು. ವಸತಿ ಕಟ್ಟಡ ಅಂತ ಶುರುವಾದದ್ದನ್ನು ನಡುವೆ ಅಂಗಡಿಯಾಗಿ ಬದಲಾಯಿಸಿದ್ದು. ಎಸ್ಕಲೇಟರಿಗಾಗಿ ಕಂಬಗಳನ್ನು ತೆಗೆದರು, ಉಳಿದ ಕಂಬಗಳನ್ನು ಸಣ್ಣ ಮಾಡಿದರು, ಮೇಲೆ ಇನ್ನೊಂದು ಮಹಡಿ ಏರಿಸಿ ಹೋಟೆಲುಗಳನ್ನು ಇಟ್ಟರು, ಚಾವಣಿಯ ಮೇಲಿನ ಭಾರೀ ಎಸಿ ಯಂತ್ರಗಳನ್ನು ಎಳೆದು ಜಾಗ ಬದಲಿಸಿದರು. ಬಿರುಕು ಕಂಡ ದಿನವೂ ಅಂಗಡಿ ಮುಚ್ಚಲಿಲ್ಲ. 1995ರ ಜೂನ್ 29ರ ಸಂಜೆ ಕುಸಿದು 502 ಜನ ಸತ್ತರು. ಕಥೆ ಮುಗಿದಾಗ ಮಗ ಎಸ್ಕಲೇಟರ್ ಕಂಪನಿಯ ಬ್ರೋಷರ್ ಮಡಚಿ ಬ್ಯಾಗಿಗೆ ಹಾಕಿದ.

ಬಾಲ್ಕನಿಯ ತೊಲೆಗಳಿಗೆ ಸಡಿಲ ಕಾಂಕ್ರೀಟ್ ಕೆತ್ತಿ, ತುಕ್ಕು ಉಜ್ಜಿ, ಹೊಸ ಸರಳು ಕಟ್ಟಿ ಸುತ್ತಲೂ ಕಾಂಕ್ರೀಟ್ ಕವಚ ಹಾಕಿಸಿದೆವು. ಆಮೇಲೂ ಅಲ್ಲಿಗೆ ಹಗುರ ಕೆಲಸ ಮಾತ್ರ ಕೊಟ್ಟೆವು. ಬ್ಲೌಸ್ ಹೊಲಿಗೆ, ಫಾಲು, ಪೀಕೋ, ಕುಚ್ಚು ಹಾಕುವವರು, ಲೆಕ್ಕದ ಕೋಣೆ. ಮತ್ತೆ ಕೆಲಸದವರಿಗೆ ಊಟದ ಜಾಗ, ಎರಡು ಶೌಚಾಲಯ. ಕೊನೆಯದಕ್ಕೆ ನಾನು ಹಟ ಹಿಡಿದಿದ್ದೆ. ಜವಳಿ ಅಂಗಡಿಯಲ್ಲಿ ಹುಡುಗಿಯರು ಬೆಳಗಿನಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ. ಕೂರಲು ಆಸನ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿದವು. ಹಳೇ ಅಂಗಡಿಯ ಗಾದಿಯಲ್ಲಿ ಕೆಲಸಗಾರ ಕೂತೇ ಮಾರುತ್ತಿದ್ದ. ಹೊಸ ಕಾಲದ ಅಂಗಡಿ ಅವನನ್ನು ಎಬ್ಬಿಸಿ ನಿಲ್ಲಿಸಿತು. ಪ್ರತಿ ಕೌಂಟರಿನ ಹಿಂದೆ ಮಡಚುವ ಸ್ಟೂಲ್ ಇಡಿಸಿದೆ. ಅದರ ಮೇಲೆ ಕೂರಲು ಬಿಡುತ್ತಾರೋ ಇಲ್ಲವೋ ನೋಡಲು ಈಗಲೂ ಆಗಾಗ ಗಿರಾಕಿಯಾಗಿ ಹೋಗುತ್ತೇನೆ.

ಈಗ ಪರದೆಯ ಗೋಡೆ. ಸೀರೆ ವಿಭಾಗ ಎಲ್ಲಿ ಅನ್ನುವ ಚರ್ಚೆ ನಡೆಯುತ್ತಿತ್ತು. ಲೈಟಿಂಗಿನವರು ಬಗೆಬಗೆಯ ದೀಪ ತಂದು ತೋರಿಸುತ್ತಿದ್ದರು. ಅದುವರೆಗೂ ಸುಮ್ಮನಿದ್ದ ಯಜಮಾನರ ಪತ್ನಿ ಒಂದು ಮಾತು ಕೇಳಿದರು. "ಬಾಗ್ಲತ್ರ ಒಯ್ದು ಬೆಳಕಿಗೆ ಹಿಡೀದೆ ಯಾರಾದ್ರೂ ರೇಷ್ಮೆ ಸೀರೆ ತಗಂತಾರೇನ್ರಿ?"

ನಿಜ. ಹಳೇ ಅಂಗಡಿಯಲ್ಲಿ ಎಲ್ಲ ಆದಮೇಲೆ ಹೆಂಗಸರು ಸೀರೆಯ ಸೆರಗು ಹಿಡಿದು ಹೊಸ್ತಿಲ ಹತ್ತಿರ ಬರುತ್ತಿದ್ದರು. ಎಷ್ಟೋ ರೇಷ್ಮೆ ಸೀರೆಯಲ್ಲಿ ಹಾಸು, ಅಂದರೆ ಉದ್ದದ ಎಳೆ, ಒಂದು ಬಣ್ಣ, ಹೊಕ್ಕು, ಅಂದರೆ ಅಡ್ಡದ ಎಳೆ, ಇನ್ನೊಂದು ಇರುತ್ತದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀರೆ ಮಡಿಕೆಯಲ್ಲಿ ಒಂಥರಾ ಕಾಣುತ್ತದೆ, ಬಿಡಿಸಿ ಓರೆಯಾಗಿ ಹಿಡಿದರೆ ಇನ್ನೊಂಥರಾ. ದೀಪದ ಕೆಳಗೆ ಒಂದೇ ಅನಿಸುವ ಎರಡು ಹಸಿರು ಹಗಲಿನಲ್ಲಿ ಬೇರೆಯಾಗಿಬಿಡುತ್ತವೆ. ಮನೆಗೆ ಹೋಗಿ ನೋಡಿದಾಗ ಬ್ಲೌಸಿಗೆ ಹೊಂದುವುದಿಲ್ಲ, ಮರುದಿನ ಜಗಳ. ಎಷ್ಟೇ ಒಳ್ಳೆ ಎಲ್ಇಡಿ ಹಾಕಿದರೂ ಹೆಂಗಸರು ಬಾಗಿಲು ಹುಡುಕಿಕೊಂಡು ಹೋಗುವುದು ತಪ್ಪುವುದಿಲ್ಲ. ಆದರೆ ನಮ್ಮ ಕಟ್ಟಡಕ್ಕೆ ಒಂದೂ ಕಿಟಕಿ ಇರಲಿಲ್ಲ.

ಹಳೇ ಕಾಲದ ದೊಡ್ಡ ಅಂಗಡಿಗಳು ಹೀಗಿರಲಿಲ್ಲ. ಪ್ಯಾರಿಸ್ಸಿನ ಬೊನ್ ಮಾರ್ಷೆಯನ್ನೇ ನೋಡಿ. ಚೌಕಾಸಿ ಇಲ್ಲದ ನಿಗದಿ ಬೆಲೆ, ಕೊಳ್ಳದೆ ಬರೀ ನೋಡಿ ಹೋಗಬಹುದು ಅನ್ನುವ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದ ಅಂಗಡಿ ಅದು. 1869ರಲ್ಲಿ ಶುರುವಾದ ಅದರ ಹೊಸ ಕಟ್ಟಡದಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ, ನಡುವೆ ಬಯಲು ಬಿಟ್ಟು, ಗಾಜಿನ ಚಾವಣಿಯಿಂದ ಹಗಲನ್ನು ಒಳಗೆ ಇಳಿಸಿದ್ದರು. ಎಸಿ, ಟ್ಯೂಬ್‌ಲೈಟ್ ಬಂದಮೇಲೆ ಅಂಗಡಿಗಳು ಕಿಟಕಿ ಮುಚ್ಚಿ ಗೋಡೆಗೆಲ್ಲ ರ‍್ಯಾಕ್ ಹೊಡೆದವು.

ನಮ್ಮ ಪರದೆಯ ಗೋಡೆ ಉತ್ತರಕ್ಕಿತ್ತು. ಉತ್ತರದ ಬೆಳಕು ದಿನವಿಡೀ ಹೆಚ್ಚುಕಡಿಮೆ ಒಂದೇ ಸಮ, ನೇರ ಬಿಸಿಲು ಕಡಿಮೆ. ಟ್ರಸ್ಸಿನ ಭಾರ ಆ ಗೋಡೆಯ ಮೇಲಿಲ್ಲ ಅಂತ ಆಗಲೇ ಹೇಳಿದೆನಲ್ಲ? ಒಡೆಯಬಹುದು. ಆದರೂ ಎತ್ತರದ ಗೋಡೆ, ಗಾಳಿಗೆ ವಾಲದಂತೆ ಮೊದಲು ಎರಡು ಉಕ್ಕಿನ ಕಂಬ ನಿಲ್ಲಿಸಿ ಹಿಡಿಸಿದೆವು. ಆಮೇಲೆ ಕಿಟಕಿ ಬರುವ ಜಾಗದ ಮೇಲೆ ಸಾಲಾಗಿ ತೂತು ಕೊರೆದು, ಗೋಡೆಯ ಆಚೆಯಿಂದ ಈಚೆಗೆ ಗಿಡ್ಡ ಗರ್ಡರುಗಳನ್ನು ತೂರಿಸಿ, ಎರಡೂ ಕಡೆ ಜ್ಯಾಕ್ ಕೊಟ್ಟೆವು. ಮೇಲಿನ ಗೋಡೆ ಈ ಗರ್ಡರುಗಳ ಮೇಲೆ ನಿಂತಿತು. ಅವುಗಳ ಕೆಳಗೆ ಅರ್ಧ ದಪ್ಪ ಗೋಡೆ ಕೆತ್ತಿ ಒಂದು ದೊಡ್ಡ ಗರ್ಡರ್ ಕೂರಿಸಿ, ಸಂದಿಗೆ ಒಣಗಿದರೂ ಕುಗ್ಗದ ತೆಳು ಗಾರೆ (ಗ್ರೌಟ್) ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನರ್ಧ. ಕೊನೆಗೆ ಕೆಳಗಿನ ಗೋಡೆ ಒಡೆದದ್ದು. ಗಡಿಬಿಡಿಗೆ ಇಲ್ಲಿ ಜಾಗವೇ ಇಲ್ಲ. ಮೇಸ್ತ್ರಿ ಹಳೇ ಗೋಡೆಯ ಮೇಲೆ ಸುಣ್ಣದ ತೆಳುವಾದ ಪಟ್ಟಿ ಬಳಿದಿದ್ದರು, ಗೋಡೆ ಕೂದಲೆಳೆಯಷ್ಟು ಅಲುಗಿದರೂ ಸುಣ್ಣ ಸೀಳುತ್ತದೆ ಅಂತ. ದಿನಾ ಬೆಳಿಗ್ಗೆ ಬಂದವರು ಮೊದಲು ನೋಡುತ್ತಿದ್ದದ್ದು ಅದನ್ನೇ. ಸೀಳಲಿಲ್ಲ.

ಉತ್ತರ ಅಂದರೆ ಬಿಸಿಲೇ ಇಲ್ಲ ಅನ್ನುವುದು ತಂಪು ದೇಶದ ಪುಸ್ತಕದ ಮಾತು. ನಮ್ಮಲ್ಲಿ ಮೇನಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ರೇಷ್ಮೆಯ ಬಣ್ಣ ಕುಡಿಯಲು ಅಷ್ಟು ಸಾಕು. ಆಳವಾದ ಸಜ್ಜ, ಪಕ್ಕಕ್ಕೆ ಅಡ್ಡಪಟ್ಟಿ ಹಾಕಿದೆವು. ಸೀರೆಯ ಕಪಾಟು ಕಿಟಕಿಯಿಂದ ದೂರ, ಬಿಚ್ಚಿ ತೋರಿಸುವ ಗಾದಿ ಮಾತ್ರ ಕಿಟಕಿಗೆ ಹತ್ತಿರ. ಹೌದು, ಗಾದಿ ಉಳಿಯಿತು. ಮದುವೆ ಜವಳಿಗೆ ಹತ್ತು ಜನ ಬರುತ್ತಾರೆ, ಅಜ್ಜಿ ಇರುತ್ತಾರೆ, ಎರಡು ಗಂಟೆ ಕೂರುತ್ತಾರೆ. ಅವರಿಗೆ ಹ್ಯಾಂಗರ್ ತೋರಿಸಿ ನೀವೇ ಆರಿಸಿಕೊಳ್ಳಿ ಅನ್ನಲಾಗದು. ನೈಟಿ, ಕುರ್ತಿ, ಮಕ್ಕಳ ಬಟ್ಟೆ, ಪಾತ್ರೆ ಎಲ್ಲ ಮೇಲಿನ ಮಟ್ಟದಲ್ಲಿ ಕೈಯಾರೆ ತೆಗೆದುಕೊಳ್ಳುವ ಹಾಗೆ. ರೇಷ್ಮೆ ಮಾತ್ರ ಕೆಳಗೆ, ಹಾಲಿನ ಅತಿ ಎತ್ತರದ, ಅತಿ ಬೆಳಕಿನ ಜಾಗದಲ್ಲಿ. ಒಂದು ಕಾಲಕ್ಕೆ ಕಡಿಮೆ ಟಿಕೆಟ್ಟಿನವರು ಕತ್ತು ಎತ್ತಿ ಸಿನಿಮಾ ನೋಡುತ್ತಿದ್ದ ಗಾಂಧಿ ಕ್ಲಾಸ್ ಅದು. ಊರಿನ ಹಿರಿಯರು ಅಲ್ಲಿ ಕೂತು, "ಇಲ್ಲೇ ಕಣ್ರೀ ನಾವು ಚಿಲ್ಲರೆ ತೂರ್ತಿದ್ದದ್ದು" ಅಂತ ಸೊಸೆಯಂದಿರಿಗೆ ಹೇಳುತ್ತಾರೆ. ವ್ಯಾಪಾರಕ್ಕೆ ಅದೂ ಒಳ್ಳೆಯದೇ.

ಟ್ರಯಲ್ ರೂಮಿನ ಬಗ್ಗೆ ಗಂಡಸರೇ ಕೂತು ಮಾತಾಡಿದ್ದರೆ ಮೂಲೆಯಲ್ಲಿ ಒಂದು ಪರದೆ ಕಟ್ಟಿ ಮುಗಿಸುತ್ತಿದ್ದರು. ನಾವು ಮಾಡಿದ್ದು ನೆಲದಿಂದ ಚಾವಣಿವರೆಗೆ ಗೋಡೆ, ಒಳಗಿನಿಂದ ಗಟ್ಟಿ ಚಿಲಕ, ಮೇಲೆ ಯಾರೂ ಫೋನ್ ತೂರಿಸಲಾಗದಂತೆ ಸಂದಿಯಿಲ್ಲದ ತಲೆ, ಗಾಳಿಗೆ ಸಣ್ಣ ಎಕ್ಸಾಸ್ಟ್. ಎರಡು ಕೊಕ್ಕೆ ಸಾಲದು. ತಂದ ಬಟ್ಟೆಗೊಂದು, ಬಿಚ್ಚಿದ ಬಟ್ಟೆಗೊಂದು, ವ್ಯಾನಿಟಿ ಬ್ಯಾಗಿಗೊಂದು, ದುಪಟ್ಟಾಗೊಂದು. ಕೂರಲು ಒಂದು ಹಲಗೆ. ಒಂದು ಕೋಣೆ ಮಾತ್ರ ದೊಡ್ಡದು, ವೀಲ್‌ಚೇರ್ ತಿರುಗುವಷ್ಟು. ಮಗುವಿಗೆ ಹಾಲು ಕೊಡಲೂ ಆಯಿತು.

ಉಳಿದದ್ದು ಬೇಗ ಹೇಳುತ್ತೇನೆ. ಲಾಬಿಯ ಮೊಸಾಯಿಕ್ ನೆಲವನ್ನು ವಿಟ್ರಿಫೈಡ್ ಟೈಲ್ಸಿನಲ್ಲಿ ಮುಚ್ಚಬೇಕು ಅಂದಿದ್ದರು. ಒಂದು ಮೂಲೆ ಪಾಲಿಶ್ ಮಾಡಿಸಿ ತೋರಿಸಿದ ಮೇಲೆ ಸುಮ್ಮನಾದರು. ಟ್ರಸ್ಸಿಗೆ ಫಾಲ್ಸ್ ಸೀಲಿಂಗ್ ಹಾಕದೆ ಕಪ್ಪು ಬಣ್ಣ ಹೊಡೆದು ಬಿಟ್ಟೆವು, ಬೆಂಕಿ ಬಿದ್ದರೆ ತಾನೇ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಪೈಪು ಅಲ್ಲೇ ಓಡಿತು. ಕ್ಯಾಶ್ ಕೌಂಟರ್ ಕುಬೇರ ಮೂಲೆಗೆ ಬರಬೇಕು ಅಂತ ವಾಸ್ತುವಿನವರು ಗುರುತು ಮಾಡಿದ ಜಾಗ ಸರಿಯಾಗಿ ಒಂದು ಹೊರಬಾಗಿಲಿನ ಎದುರಿತ್ತು. ತಿಜೋರಿಯನ್ನು ಅದೇ ಮೂಲೆಯ ಒಳಕೋಣೆಗೆ ಇಟ್ಟು, ಬಿಲ್ಲಿಂಗ್ ಕೌಂಟರುಗಳನ್ನು ಲಾಬಿಗೆ ತಂದೆವು, ಕುಬೇರನೂ ಒಪ್ಪಿದ, ಫೈರ್ ಇನ್‌ಸ್ಪೆಕ್ಷನ್ನಿಗೆ ಬಂದವರೂ ಒಪ್ಪಿದರು. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ 2024ರ ತಿದ್ದುಪಡಿ ಬಂದಿದೆಯಲ್ಲ, ಇವರು ಪೂರ್ತಿ ಕನ್ನಡದಲ್ಲೇ ಬರೆಸಿದರು. ಆಷಾಢದಲ್ಲಿ ಆರಂಭ ಬೇಡ ಅಂತ ಶ್ರಾವಣಕ್ಕೆ ಇಟ್ಟುಕೊಂಡರು. ಆ ಒಂದು ತಿಂಗಳು ನಮಗೆ ಸಿಕ್ಕ ದೊಡ್ಡ ವರ. ಇಲ್ಲದಿದ್ದರೆ ಅಲಾರಂ ಪರೀಕ್ಷೆ ಮಾಡದೇ ಬಾಗಿಲು ತೆರೆಯುತ್ತಿದ್ದರು.

ಮೊದಲ ದೀಪಾವಳಿಗೆ ನಾನು ಹೋದಾಗ ಮುಂದಿನ ಹೊರಬಾಗಿಲ ಹತ್ತಿರ ಬೆಡ್‌ಶೀಟಿನ ಡಬ್ಬಗಳನ್ನು ಪೇರಿಸಿದ್ದರು. ನಾನು ಮಾತಾಡಲಿಲ್ಲ, ನೇರ ಹೋಗಿ ಪ್ಯಾನಿಕ್ ಬಾರ್ ತಳ್ಳಿದೆ. ಅಲಾರಂ ಹೊಡೆದುಕೊಂಡಿತು, ಇಡೀ ಅಂಗಡಿ ತಿರುಗಿ ನೋಡಿತು, ಯಜಮಾನರೇ ಓಡಿ ಬಂದು ಡಬ್ಬ ಎತ್ತಿಸಿದರು. ಆಮೇಲೆ ಆ ಜಾಗಕ್ಕೆ ಹಳದಿ ಪಟ್ಟೆ ಬಳಿಸಿದ್ದಾರೆ.

ಈಗ ಹೊಸ ಮಾತು ಶುರುವಾಗಿದೆ. ವ್ಯಾಪಾರ ಚೆನ್ನಾಗಿದೆ, ಹಾಲಿನ ಎತ್ತರ ಸುಮ್ಮನೆ ಖಾಲಿ ಹೋಗುತ್ತಿದೆ, ನಡುವೆ ಇನ್ನೊಂದು ಮಹಡಿ ಹಾಕಬಹುದಲ್ಲ ಅಂತ ಮಗ ಕೇಳಿದ್ದಾನೆ. ಹಳೇ ಗೋಡೆಗೆ ಒಂದು ಕಿಲೋ ಭಾರವನ್ನೂ ಕೊಡದೆ, ಸ್ವಂತ ಪಾಯದ ಮೇಲೆ ನಿಲ್ಲುವ ಉಕ್ಕಿನ ಚೌಕಟ್ಟಾದರೆ ಆಗುತ್ತದೆ, ಆದರೆ ಆ ಮಹಡಿಗೆ ಇನ್ನೆರಡು ಹೊರಮೆಟ್ಟಿಲು ಬೇಕು ಅಂದಿದ್ದೇನೆ. ಮೆಟ್ಟಿಲಿಗೆ ಎಷ್ಟು ಜಾಗ ಹೋಗುತ್ತದೆ ಅಂತ ಅವನು ಕ್ಯಾಲ್ಕುಲೇಟರ್ ತೆಗೆದಿದ್ದಾನೆ.